ಪುಟ್ಟಮ್ಮ ಕಲಿತ ಸ್ಪ್ಯಾನಿಷ್ ‘ಬೇಡ’ಗಳು

1982ರಲ್ಲಿ ನಾನು ಬೆಂಗಳೂರಿನ ಒಂದು ಭಾಷಾ ಶಾಲೆಯಲ್ಲಿ ಸ್ಪ್ಯಾನಿಷ್ ಅಧ್ಯಾಪಕಿಯಾಗಿದ್ದೆ. ಹುಟ್ಟೂರು ತಿಪಟೂರಿನ ಬಳಿಯ ಬಿಳಿಗೆರೆ. ಆ ಬೇಸಿಗೆಯಲ್ಲಿ ತಿಪಟೂರಿನ ಮಕ್ಕಳ ಆಶ್ರಯಧಾಮವೊಂದರಿಂದ ಗೌರಿ ಎಂಬ ನಾಲ್ಕು ವರ್ಷದ ಹುಡುಗಿಯನ್ನು ಸ್ಪೇನ್‌ನ ದಂಪತಿ ದತ್ತು ಪಡೆದರು. ಕೋರ್ಟಿನ ಆದೇಶವಾಗಿತ್ತು. ಹೊಸ ತಾಯಿ ಪಿಲಾರ್ ಒಂದು ವಾರ ಮಗುವಿನ ಜೊತೆಗಿದ್ದು ಕರೆದೊಯ್ಯುವುದೆಂದು ತೀರ್ಮಾನವಾಗಿ, ದುಭಾಷಿಯಾಗಿ ನನ್ನನ್ನು ಕರೆಸಿದರು.

ಗೌರಿಯನ್ನು ಹಸುಗೂಸಿನಿಂದ ಸಾಕಿದವರು ಅಲ್ಲಿನ ಆಯಾ ಪುಟ್ಟಮ್ಮ, ಚಿಕ್ಕನಾಯಕನಹಳ್ಳಿಯವರು. ಮಗುವಿನ ಎಡಗಾಲು ಸ್ವಲ್ಪ ಸೋತಿತ್ತು. ದಿನವೂ ಎಣ್ಣೆ ನೀವಿ, ತೆಂಗಿನ ಮರ ಹಿಡಿಸಿ ನಿಲ್ಲಿಸಿ, ನಡೆಸಿದ್ದು ಅವರೇ.

ಮೊದಲ ದಿನವೇ ಪುಟ್ಟಮ್ಮ ನನ್ನನ್ನು ಜಗಲಿಗೆ ಕರೆದರು. “ಮಗೂನ ಕರ್ಕೊಂಡೋಗೋ ಆಯಮ್ಮಂಗೆ ಒಂದೆರಡು ಮಾತು ಹೇಳ್ಬೇಕು ಕಣ್ರೀ.”

“ಹೇಳಿ, ನಾನು ತಿಳಿಸ್ತೀನಿ.”

“ನೀವು ಹೇಳಿದ್ರೆ ನಿಮ್ ಮಾತಾಯ್ತದೆ. ನನ್ ಬಾಯಿಂದ್ಲೇ ಬರ್ಬೇಕು.”

ಹೇಳಬೇಕಾದದ್ದೆಲ್ಲ ‘ಬೇಡ’ಗಳೇ. ಗದರಬೇಡಿ, ಮಗು ಬೆಚ್ಚುತ್ತದೆ. ಕೈ ಹಿಡಿದಾಗ ಓಡಬೇಡಿ, ಅದಕ್ಕೆ ಆಗುವುದಿಲ್ಲ.

ಸ್ಪ್ಯಾನಿಷ್‌ನಲ್ಲಿ ಇದಕ್ಕೊಂದು ಕ್ರಮವಿದೆ, ಅದನ್ನೇ ಅವರಿಗೆ ಕಲಿಸತೊಡಗಿದೆ. ‘ನೊ’ ಮೊದಲು ಬರುತ್ತದೆ. ಗೌರವದಿಂದ ಹೇಳುವಾಗ, ‘ಆರ್’ ಎಂದು ಮುಗಿಯುವ ಕ್ರಿಯಾಪದ ‘ಎ’ಕಾರಕ್ಕೆ ತಿರುಗುತ್ತದೆ: ಗ್ರಿತಾರ್ ಎಂದರೆ ಕಿರುಚುವುದು, ಗದರುವುದು; ‘ನೊ ಗ್ರಿತೆ’ ಎಂದರೆ ಗದರಬೇಡಿ. ‘ಏರ್’, ‘ಈರ್’ ಎಂದು ಮುಗಿಯುವುದು ‘ಅ’ಕಾರಕ್ಕೆ ತಿರುಗುತ್ತದೆ: ಕೊರ್ರೇರ್ ಎಂದರೆ ಓಡುವುದು, ‘ನೊ ಕೊರ್ರ’ ಎಂದರೆ ಓಡಬೇಡಿ.

“ನಮ್ದ್ರಲ್ಲಿ ಬ್ಯಾಡ ಕೊನೇಲಿ ಬತ್ತದೆ. ಇವ್ರು ಮೊದ್ಲೇ ಅಡ್ಡ ಹಾಕ್ತಾರಲ್ಲ!” ಎಂದು ಪುಟ್ಟಮ್ಮ ನಕ್ಕರು. ಆದರೂ ಬಾಯಲ್ಲಿ ‘ನೊ ಕೊರ್ರೆ’ ಎಂದೇ ಬರುತ್ತಿತ್ತು.

“ಅದು ‘ಓಡೋದಿಲ್ಲ’ ಅಂತ ಆಗುತ್ತೆ, ಪುಟ್ಟಮ್ಮ.”

“ಅದೂ ನಿಜವೇ ಬುಡಿ. ನನ್ ಮಗು ಓಡಾಕಿಲ್ಲ.”

ವಾರದ ಕೊನೆಗೆ ಎರಡೂ ಸರಿಯಾಗಿ ಬಂದವು. ಹೊರಡುವ ಹಿಂದಿನ ಸಂಜೆ, ಮಗುವಿನ ಬಟ್ಟೆ ಮಡಿಸುತ್ತ, ತಲೆ ಎತ್ತದೆ ಕೇಳಿದರು: “ನನ್ನ ಮರೀಬ್ಯಾಡಿ ಅನ್ನೋದು ಹೆಂಗೆ?”

“ನೊ ಮೆ ಒಲ್ವಿದೆ.” ಒಂದೇ ಸಲಕ್ಕೆ ಕಲಿತರು.

ಬೆಳಿಗ್ಗೆ ಕಾರಿನ ಬಳಿ ಪುಟ್ಟಮ್ಮ ಪಿಲಾರ್ ಎದುರು ನಿಂತು, “ನೊ ಗ್ರಿತೆ. ನೊ ಕೊರ್ರ,” ಎಂದರು. ಪಿಲಾರ್ ಪುಟ್ಟಮ್ಮನ ಎರಡೂ ಕೈ ಹಿಡಿದು, ಕಣ್ಣು ತುಂಬಿಕೊಂಡು, ಇಲ್ಲ, ಎಂದಿಗೂ ಇಲ್ಲ ಎಂದರು. ಪುಟ್ಟಮ್ಮನ ತುಟಿ ಮತ್ತೆ ತೆರೆಯಿತು. ಮಾತು ಬರಲಿಲ್ಲ. ಮರೆತರೆಂದುಕೊಂಡು ನಾನು “ನೊ ಮೆ...” ಎಂದು ಪಿಸುಗುಟ್ಟಿದೆ. ಅವರು ನನ್ನ ಮುಂಗೈ ಅದುಮಿ ತಡೆದರು.

ಕಾರು ಹೋದಮೇಲೆ ತೋಟದ ದಾರಿಯಲ್ಲಿ ಅವರು ಬಹಳ ನಿಧಾನ ನಡೆಯುತ್ತಿದ್ದರು, ಪಕ್ಕದಲ್ಲಿ ಇನ್ನೂ ಮಗುವಿರುವ ಹಾಗೆ. ಯಾಕೆ ಹೇಳಲಿಲ್ಲವೆಂದು ಕೇಳಿದೆ.

“ಹೇಳಿದ್ರೆ ಆಯಮ್ಮ ದಿನಾ ನನ್ ಸುದ್ದಿ ತೆಗೀತಾಳೆ. ಮಗು ದಿನಾ ಅಳ್ತದೆ. ಮರ್ತೋಗ್ಲಿ ಬುಡಿ.” ಸೆರಗಿನಿಂದ ಮುಖ ಒರೆಸಿಕೊಂಡರು. “ನಾನು ಮರೆಯಾಕಿಲ್ವಲ್ಲ, ಸಾಕು.”

ಆಮೇಲೆ ಅನೇಕ ವರ್ಷ ಸ್ಪ್ಯಾನಿಷ್ ಕಲಿಸಿದೆ. ತರಗತಿಯಲ್ಲಿ ಯಾರಾದರೂ ಮಾತಿನ ನಡುವೆ ತಡೆದು ನಿಂತರೆ ಪದ ಎತ್ತಿಕೊಡುವ ಆತುರ ಮಾತ್ರ ಬಿಟ್ಟೆ. ಎಲ್ಲರೂ ಪದ ಮರೆತೇ ಸುಮ್ಮನಾಗುವುದಿಲ್ಲ.