ಪಟ್ಟದ ಗೊಂಬೆಯ ಅಂಚೆಚೀಟಿ

ರತ್ನಕ್ಕ, ನಿನ್ನ ಅಂಚೆಚೀಟಿಯ ಆಲ್ಬಮ್ ಒಲೆಗೆ ಬೀಳಲು ಕಾರಣ ನೀನಲ್ಲ — ನಾನು. ನಿನ್ನವ್ವನ ಕಿವಿಗೆ ಆ ಮಾತು ಹಾಕಿದವಳು ಪಕ್ಕದ ಮನೆಯ ಈ ಸರೋಜಿ.

ನನ್ನ ಗಂಡ ಹೇಳಿದ, "ಹಳೇದು ಯಾಕೆ ಕೆದಕ್ತೀಯ, ಬುಡು." ಬಿಡುವುದಿಲ್ಲ. ಪಿರಿಯಾಪಟ್ಟಣದಲ್ಲಿ ಸ್ವಂತ ಪಾತ್ರೆ ಅಂಗಡಿ ಕಟ್ಟಿದವಳು, ತಂಬಾಕು ಹರಾಜು ಮುಗಿಸಿ ಬರುವ ಗಂಡಸರ ಎದುರು ಚೌಕಾಸಿಯಲ್ಲಿ ಸೋಲದವಳು — ಈ ಒಂದು ಮಾತಿಗೆ ಬಾಯಿ ಕಟ್ಟಿಕೊಂಡು ಕೂರಲೇ?

ಬೆಟ್ಟದಪುರದ ನಿಮ್ಮ ಜಗಲಿ, ನಿನ್ನ ಮದುವೆಗೆ ಮುಂಚೆ. ನಿನ್ನ ಸೋದರಮಾವ ಮೈಸೂರಿನಿಂದ ತಂದುಕೊಟ್ಟ ಜಪಾನಿನ ಚೀಟಿಗಳನ್ನು ಹರಡಿಕೊಂಡು, ಗ್ರಂಥಾಲಯದ ಪುಸ್ತಕದಲ್ಲಿ ಒಂದೊಂದನ್ನೇ ಹುಡುಕಿ ನೀನು ನನಗೆ ಹೇಳುತ್ತಿದ್ದೆ. ಗಂಡುಮಕ್ಕಳ ಹಬ್ಬಕ್ಕೆ ಗಳುವಿಗೆ ಕಟ್ಟುವ ಬಟ್ಟೆಯ ಮೀನು. ಮದುವಣಗಿತ್ತಿಯ ಉಡುಪಿನ ಮೇಲೆ ಹಾರುವ ಕೊಕ್ಕರೆ. ಆಮೇಲೆ ಅದು — ಕೆಂಪು ಹಾಸಿದ ಮೆಟ್ಟಿಲಿನ ಮೇಲೆ ರಾಜ ರಾಣಿ.

"ಅಯ್ಯೋ, ಪಟ್ಟದ ಗೊಂಬೆ ಕಣಕ್ಕ! ದಸರಾಕ್ಕೆ ಮೇಷ್ಟ್ರ ಮನೇಲಿ ಕೂರಿಸ್ತಾರಲ್ಲ, ಅಂಗೇ ಅದೆ!" ಎಂದು ನಾನು ಕೂಗಿದೆ.

"ಅಲ್ಲಿ ಹೆಣ್ಮಕ್ಕಳ ಹಬ್ಬಕ್ಕೆ ಇಡ್ತಾರೆ ಕಣೇ. ಮುಗಿದ ಮೇಲೆ ಬೇಗ ಎತ್ತಿಡ್ದಿದ್ರೆ ಮಗಳ ಮದ್ವೆ ತಡ ಆಗ್ತದಂತೆ," ಎಂದು ನೀನು ನಕ್ಕೆ. "ಅಲ್ಲೂ ನಮ್ಮೂರಿನಂಥ ಅಜ್ಜೀರೇ ಅವ್ರೆ."

ನನಗೆ ಆ ಚೀಟಿ ಬೇಕಿತ್ತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ, ಮೇಷ್ಟ್ರ ಮನೆಯದನ್ನು ಹೊಸಿಲಾಚೆಯಿಂದ ನೋಡಿದ್ದಷ್ಟೆ — ಇದು ನೆಪವಲ್ಲ, ಬೇಕಿತ್ತು ಅಂತ ಹೇಳುತ್ತಿದ್ದೇನೆ. ಬಳೆ ಕೊಡುತ್ತೇನೆಂದೆ, ನವಿಲುಗರಿ ಕೊಡುತ್ತೇನೆಂದೆ. "ಇದೊಂದು ಕೇಳ್ಬೇಡ ಕಣೇ," ಎಂದುಬಿಟ್ಟೆ ನೀನು.

ಆ ತಿಂಗಳೇ ನಿನ್ನನ್ನು ನೋಡಿಹೋದ ಗಂಡಿನ ಕಡೆಯವರು ಒಲ್ಲೆವೆಂದರು. ನಿನ್ನವ್ವ ಅಳುತ್ತ ಕೂತಿದ್ದಾಗ ನಾನು ಹೋಗಿ ಹೇಳಿದೆ: "ದೊಡ್ಡವ್ವ, ರತ್ನಕ್ಕ ಆ ಗೊಂಬೆ ಚೀಟಿ ಎತ್ತಿಡ್ದೇನೇ ಮಡೀಕಂಡವ್ಳೆ. ಮದ್ವೆ ತಡ ಆಗೋದು ಅದ್ರಿಂದ್ಲೇ ಅಂತೆ. ನಂಗೆ ಕೊಡಿ, ದೂರ ಮಡಗ್ತೀನಿ."

ಒಂದು ಚೀಟಿ ಕೈಗೆ ಬಂದರೆ ಮುಗಿಯಿತು ಅಂದುಕೊಂಡಿದ್ದೆ. ಅವರು ಅದೊಂದನ್ನು ಕಿತ್ತು ನನ್ನತ್ತ ಎಸೆದು, ಆಲ್ಬಮನ್ನೇ ನೀರೊಲೆಗೆ ತುರುಕಿದರು. "ಕಾಣದ ದೇಸದ ದರಿದ್ರ ನಮ್ಮನೆಗ್ಯಾಕೆ!" ಮೀನು, ಕೊಕ್ಕರೆ — ಎಲ್ಲ.

ಸಂಜೆ ನೀನು ಬೂದಿ ಕೆದಕುತ್ತ, "ನಾನೇ ಯಾವಾಗ್ಲೋ ಅವ್ವನ ಮುಂದೆ ಬಾಯಿ ಬುಟ್ಟಿರ್ಬೇಕು," ಅಂದೆ. ನಾನು ನಿನ್ನ ಬೆನ್ನು ಸವರಿದೆ. ಚೀಟಿ ನನ್ನ ಲಂಗದ ಸೊಂಟದಲ್ಲಿತ್ತು.

ವ್ಯಾಪಾರ ಕಲಿಯಲು ಬರುವ ಹೆಣ್ಣುಮಕ್ಕಳಿಗೆ ಹೇಳುತ್ತೇನೆ: ಬೆಲೆ ಜಗ್ಗಿ, ನಾಚಬೇಡಿ, ಆದರೆ ಒಬ್ಬ ತಾಯಿಯ ಹೆದರಿಕೆಯನ್ನು ತಕ್ಕಡಿಗೆ ಹಾಕಬೇಡಿ. ಹಾಕಿದವಳು ಹೇಳುತ್ತಿದ್ದೇನೆ.

ಮೊನ್ನೆ ನೀನು ಮಗಳ ಜೊತೆ ಅಂಗಡಿಗೆ ಬಂದೆ. ಅವಳು ಮೊಬೈಲಿನಲ್ಲಿ ಗಳುವಿನ ತುದಿಯಲ್ಲಿ ಹಾರುವ ಬಟ್ಟೆಯ ಮೀನು ತೋರಿಸಿ, "ಅವ್ವ, ಜಪಾನಂತೆ, ಇದ್ಯಾಕೆ ಕಟ್ಟವ್ರೆ?" ಎಂದಳು.

"ನಂಗೇನ್ ಗೊತ್ತವ್ವ, ಬುಡು." ನೀನು ಮುಖ ತಿರುಗಿಸಿಬಿಟ್ಟೆ. ಎಲ್ಲ ಗೊತ್ತಿದ್ದ ನೀನು —

ಶುಕ್ರವಾರ ಅಂಗಡಿ ಬಾಗಿಲು ಹಾಕಿ ಭೇರ್ಯದ ನಿನ್ನ ಮನೆಗೆ ಬರುತ್ತೇನೆ, ಚೀಟಿ ಹಿಡಿದುಕೊಂಡು. ನಿನ್ನ ಮಗಳ ಎದುರೇ ಎಲ್ಲ ಹೇಳುತ್ತೇನೆ; ಊರು ಆಡಿಕೊಳ್ಳಲಿ. ಬೈ, ಬಾಗಿಲು ಹಾಕಿಕೋ — ಜಗಲಿಯ ಮೇಲೆ ಕೂತಿರುತ್ತೇನೆ. ಕ್ಷಮೆಗೆ ಚೌಕಾಸಿ ಮಾಡುವುದಿಲ್ಲ. ಆದರೆ ಆ ಮೀನು ಯಾವ ಹಬ್ಬದ್ದೆಂದು ನೀನು ಅವಳಿಗೆ ಹೇಳದೆ ಹೋದರೆ ನಾನೇ ಅವಳಿಗೆ ಹೇಳುತ್ತೇನೆ — "ಇದು ನಾನು ನಿನ್ನವ್ವನಿಂದಲೇ ಕಲಿತದ್ದು ಕಣವ್ವ," ಎಂದು.