ಎಡಗಡೆಯ ಕಿಟಕಿಯಿಂದ ಕಂಡ ಕೆರೆ

ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಎಲ್ಲಿಗೆ ಬಂತೆಂದು ತೋಟ ಸುತ್ತಿ ನೋಡುವುದು ನನ್ನ ಉದ್ಯೋಗ. ವಿಮಾನದಲ್ಲಿ ಸೀಟು ಆರಿಸುವುದೂ ಅದರಲ್ಲಿ ಸೇರಿದೆಯೆಂದು ಗೊತ್ತಾದದ್ದು ಎರಡು ವರ್ಷದ ಹಿಂದೆ, ಅರೇಬಿಕಾ ಕೊಯ್ಲು ಮುಗಿದ ವಾರ.

ನಮ್ಮ ಯಜಮಾನರು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹೊಸ ಪಲ್ಪರ್ ಯಂತ್ರ ನೋಡಲು ಬೆಂಗಳೂರಿಗೆ ಹೊರಟಿದ್ದರು. ಕಾರಿನಲ್ಲಿ ಹೋದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಆದರೆ ಪಕ್ಕದ ತೋಟದವರು ಮಂಗಳೂರಿನಿಂದ ವಿಮಾನದಲ್ಲಿ ಹೋಗುವಾಗ ತಮ್ಮ ತೋಟವನ್ನು ಆಕಾಶದಿಂದ ನೋಡಿದ್ದಾಗಿ ಕ್ಲಬ್ಬಿನಲ್ಲಿ ಹೇಳಿಬಿಟ್ಟಿದ್ದರು. ಹಾಗಾಗಿ ಪೂರ್ವಕ್ಕಿರುವ ಬೆಂಗಳೂರು ಸೇರಲು ನಾವು ಪಶ್ಚಿಮಕ್ಕೆ ಘಾಟಿ ಇಳಿದು ಮಂಗಳೂರಿಗೆ ಹೋಗುವುದು, ಅಲ್ಲಿಂದ ಹಾರಿ ನಮ್ಮ ಮನೆಯನ್ನೇ ದಾಟುವುದು ಎಂದು ತೀರ್ಮಾನವಾಯಿತು.

"ನೀನೂ ಬಾ ಮಾರಾಯ. ತೋಟದ ಬೌಂಡ್ರಿ ನಿಂಗೇ ಸರಿಯಾಗಿ ಗೊತ್ತಿರೋದು" ಎಂದರು.

ಎರಡು ದಿನ ಅದೇ ಕೆಲಸ. ಹಾಜರಿ ಹಾಳೆಯ ಹಿಂಬದಿಯಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಗೆರೆ ಎಳೆದೆ. ನಮ್ಮ ಗುಡ್ಡಗಳೆಲ್ಲ ಗೆರೆಯ ಉತ್ತರಕ್ಕೆ. ಅಂದರೆ ಎಡಗಡೆಯ ಕಿಟಕಿ. ಬೆಳಗಿನ ಬಿಸಿಲು ಬಲಕ್ಕಿರುತ್ತದೆ, ಕಣ್ಣು ಕುಕ್ಕುವುದಿಲ್ಲ. ರೆಕ್ಕೆ ಅಡ್ಡ ಬರಬಾರದೆಂದು ಮುಂದಿನ ಸಾಲು. ನನ್ನ ಮದುವೆಗೆ ಜಾತಕವನ್ನೂ ಇಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

ಕಿಟಕಿ ಯಜಮಾನರಿಗೆ, ಅದರ ಪಕ್ಕದ್ದು ನನಗೆ. ವಿಮಾನ ಏರಿತು. ಸ್ವಲ್ಪ ಹೊತ್ತಿಗೆ ಘಟ್ಟ ಎದ್ದು ಬಂತು. ನಾನು ಅವರ ಹೆಗಲ ಮೇಲಿನಿಂದ ಇಣುಕಿದೆ. ಒಂದು ಸಂಗತಿ ನನ್ನ ನಕ್ಷೆಯಲ್ಲಿ ಇರಲಿಲ್ಲ: ಮೇಲಿನಿಂದ ಕಾಫಿ ಗಿಡ ಕಾಣುವುದೇ ಇಲ್ಲ. ಕಾಣುವುದು ನೆರಳಿನ ಮರಗಳ ನೆತ್ತಿ ಮಾತ್ರ. ಕಾಡು ಯಾವುದು, ತೋಟ ಯಾವುದು, ನಮ್ಮದು ಯಾವುದು, ಒಂದೂ ತಿಳಿಯಲಿಲ್ಲ. ಇಪ್ಪತ್ತು ವರ್ಷ ತಿರುಗಿದ ನೆಲ!

"ಎಲ್ಲೋ ನಮ್ದು?"

"ಬರ್ತದೆ ಸಾರ್, ಈಗ ಬರ್ತದೆ."

ಅಷ್ಟರಲ್ಲಿ ದೂರದಲ್ಲಿ ದೊಡ್ಡದೊಂದು ನೀರಿನ ಹರಹು ಹೊಳೆಯಿತು. ಯಜಮಾನರು ಗಾಜಿಗೆ ಹಣೆ ಒತ್ತಿದರು. "ಅದು ನಮ್ಮ ಕೆರೆ ಅಲ್ವೇನೋ?"

ನಮ್ಮ ಕೆರೆಯ ಈ ದಡದಿಂದ ಕಲ್ಲೆಸೆದರೆ ಆ ದಡಕ್ಕೆ ಬೀಳುತ್ತದೆ. ಅವರು ತೋರಿಸಿದ್ದು ಕುದುರೆಮುಖದಲ್ಲಿ ಗಣಿಯ ಕಾಲದಲ್ಲಿ ಕಟ್ಟಿದ ಅಣೆಕಟ್ಟಿನ ನೀರು. ಆದರೆ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಹೌದು ಸಾರ್, ನಮ್ದೇ" ಎಂದೆ.

"ಎಷ್ಟು ದೊಡ್ಡದುಂಟು ಮಾರಾಯ! ಕೆಳಗಿದ್ದರೆ ಗೊತ್ತೇ ಆಗಲ್ಲ."

ಪಲ್ಪರ್ ಅವರಿಗೆ ಹಿಡಿಸಲಿಲ್ಲ. ಕೆರೆ ಮಾತ್ರ ಕ್ಲಬ್ಬಿಗೆ ಹೋಯಿತು, ನೆಂಟರ ಮನೆಗೆ ಹೋಯಿತು. ಫೆಬ್ರವರಿಯಲ್ಲಿ ಹೂವು ಬರಲೆಂದು ರೋಬಸ್ಟಾ ಕಾಫಿಗೆ ನೀರು ಹಾರಿಸುವ ಮೊದಲು ಕೆರೆಯ ಹೂಳು ತೆಗೆಸೋಣವೆಂದು ನಾನು ಕೇಳಿದಾಗ, "ಅಷ್ಟು ನೀರಿಗೆ ಹೂಳು ಯಾವ ಲೆಕ್ಕ? ನೀನೇ ನೋಡಿದ್ದೀಯಲ್ಲ" ಎಂದರು. ನಾನೇ ನೋಡಿದ್ದೆ. ಬಾಯಿ ಮುಚ್ಚಿಕೊಂಡು ಬಂದೆ.

ಸ್ಪ್ರಿಂಕ್ಲರ್ ಹಾಕಿದ ನಾಲ್ಕನೇ ದಿನ ಪಂಪು ಕೆಸರು ಎಳೆಯಿತು. ಯಜಮಾನರು ದಡದಲ್ಲಿ ನಿಂತು, "ನೀರೆಲ್ಲ ಎಲ್ಲಿಗೆ ಹೋಯ್ತು?" ಎಂದರು. ಆಗ ಕುದುರೆಮುಖದ ನೀರಿನ ವಿಷಯ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ಕೆಸರನ್ನೇ ನೋಡುತ್ತಿದ್ದೆ.

"ವಿಮಾನದಲ್ಲೇ ಹೇಳ್ಬಾರ್ದಿತ್ತಾ?"

"ನಿಮಗೆ ಖುಷಿಯಾಗಿತ್ತು ಸಾರ್."

ಅವರು ತಿರುಗಿ ಮನೆಯ ಕಡೆ ನಡೆದರು. ಮೂರು ದಿನ ಬಿಟ್ಟು ಹೂಳೆತ್ತಲು ಜೆಸಿಬಿ ಬಂತು. ಆ ವರ್ಷ ಅರ್ಧ ತೋಟಕ್ಕೆ ನೀರು ಸಿಗಲಿಲ್ಲ. ಹೂವೂ ಅಷ್ಟಕ್ಕಷ್ಟೇ ಬಂತು. ಪೆಟ್ಟು ತೋಟಕ್ಕೆ ಬಿದ್ದದ್ದು ನನಗೆ ಈಗಲೂ ಚುಚ್ಚುತ್ತದೆ.

ಮುಂದಿನ ಸಲ ಅವರು ಒಬ್ಬರೇ ವಿಮಾನದಲ್ಲಿ ಹೋದರು, ಸೀಟನ್ನು ತಾವೇ ಆರಿಸಿಕೊಂಡು. ಬಂದ ಮೇಲೆ ಏನು ಕಂಡಿತೆಂದು ಅಳುಕುತ್ತಲೇ ಕೇಳಿದೆ.

"ಬರೀ ಮೋಡ ಮಾರಾಯ. ಚೆನ್ನಾಗಿ ನಿದ್ದೆ ಮಾಡ್ದೆ."