ನೆಗ್ಗಿದ ಚೆಂಬು

ನಮ್ಮ ಮನೆಗೆ ನೀವು ಬಂದರೂ ನೀರು ಕೊಡುವುದು ಅದೇ ಹಿತ್ತಾಳೆ ಚೆಂಬಿನಲ್ಲಿ. ಅದರ ಹೊಟ್ಟೆಯಲ್ಲೊಂದು ನೆಗ್ಗಿದೆ. ಕೇಳಿದವರಿಗೆ ಬಾವಿಗೆ ಬಿತ್ತು ಎಂದಿದ್ದೇನೆ, ಎಮ್ಮೆ ತುಳಿಯಿತು ಎಂದಿದ್ದೇನೆ. ಎಮ್ಮೆ ಮಾರಿ ಎಷ್ಟೋ ಕಾಲವಾಯಿತು, ಅಪವಾದ ಮಾತ್ರ ಇನ್ನೂ ಅದರ ಮೇಲೇ ಇದೆ. ಇವತ್ತು ಬೆಳಿಗ್ಗೆ, ನನ್ನ ಜೊತೆ ಕೊಬ್ಬರಿ ಒಡೆಯುವ ನಿಂಗರಾಜ ಆ ಚೆಂಬನ್ನು ಎತ್ತಿ ಕುಡಿಯಹೋದ. ಅರ್ಧ ನೀರು ಅಂಗಿಯ ಮೇಲೆ.

"ಚಳಿ ಕಣಣ್ಣ," ಎಂದ. ಬಿಸಿಲು ಬೆನ್ನು ಸುಡುತ್ತಿತ್ತು.

ಬಿಸಿಲಿನಲ್ಲಿ ನಿಂತು ಚಳಿ ಎಂದವನು ನಾನೂ ಹೌದು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅಂದಿನಿಂದ ಇದೇ ಕಸುಬು. ಅಟ್ಟದಲ್ಲಿ ವರ್ಷ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಗಿಟುಕು ಗಡಗಡ ಅಂದರೆ ಮಚ್ಚಿನಿಂದ ತಟ್ಟಿ ಚಿಪ್ಪು ಬಿಡಿಸಬೇಕು, ಗಿಟುಕಿಗೆ ಗೀರು ಬೀಳಬಾರದು. ಗಂಡಸಿ ಸುತ್ತಲ ಊರುಗಳಲ್ಲಿ ಇಂಥ ಕೈ ಇನ್ನೊಂದಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಹೇಳದ ದಿನ ನಾನೇ ಹೇಳುತ್ತಿದ್ದೆ. ಆ ಕೈ ಬೆಳಿಗ್ಗೆ ಹೊತ್ತು ನಡುಗತೊಡಗಿತು. ಒಂದು ಪ್ಯಾಕೆಟ್ ಹಾಕಿದರೆ ನಿಲ್ಲುತ್ತಿತ್ತು. ಅದನ್ನು ಕುಡಿತ ಅಂದುಕೊಂಡವನೇ ಅಲ್ಲ ನಾನು. ಮಚ್ಚು ಮಸೆದ ಹಾಗೆ, ಕೆಲಸಕ್ಕೆ ಮುಂಚಿನ ತಯಾರಿ.

ಗಿಟುಕುಗಳು ಸೀಳಿಹೋಗತೊಡಗಿದಾಗ ಹೆಂಡತಿ ಜಯಮ್ಮ ನನ್ನನ್ನು ಅರಸೀಕೆರೆಗೆ, ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಎದ್ದ ತಕ್ಷಣ ಕುಡೀಬೇಕು ಅನ್ಸುತ್ತಾ?" ಎಂದು ಡಾಕ್ಟರಮ್ಮ ಕೇಳಿದರು.

"ಛೆ, ಅಂಥೋನಲ್ಲ ಬಿಡಿ ಮೇಡಂ. ಮುಖ ತೊಳ್ಕಂಡ್ಮೇಲೇ."

ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಅದು ಪಟಪಟ ಬಡಿದುಕೊಂಡು ಕೆಳಗೆ ಬಿತ್ತು. ಫ್ಯಾನಿನ ಗಾಳಿ ಎಂದೆ. "ಕರೆಂಟೇ ಇಲ್ವಲ್ರೀ," ಎಂದಳು ಜಯಮ್ಮ.

"ಇದು ಕಾಯಿಲೆ ಕಣ್ರೀ, ಬಿಡ್ಲೇಬೇಕು. ಆದ್ರೆ ಮನೇಲಿ ಒಂದೇ ಸಲಕ್ಕೆ ನಿಲ್ಲಿಸ್ಬೇಡಿ, ಪ್ರಾಣಕ್ಕೇ ಅಪಾಯ. ಅಡ್ಮಿಟ್ ಆಗಿ, ಮಾತ್ರೆ ಕೊಟ್ಟು ನಿಲ್ಲಿಸೋಣ."

ಬಿಡುವುದಕ್ಕೂ ಮಾತ್ರೆಯೇ? ನನಗೇ? ವಾಪಸು ಬರುವ ಬಸ್ಸಿನಲ್ಲೇ ಶಪಥ ಮಾಡಿ ಅಂದೇ ನಿಲ್ಲಿಸಿಬಿಟ್ಟೆ.

ಮೂರನೆಯ ದಿನದ್ದು ನನಗೆ ನೆನಪಿಲ್ಲ, ಜಯಮ್ಮ ಹೇಳಿದ್ದು. ಮೈಯೆಲ್ಲ ಬೆವರಂತೆ, ಗೋಡೆಯ ಮೇಲೆ ಇಲ್ಲದ ಇರುವೆ ಒರೆಸಿದೆನಂತೆ. ಆಮೇಲೆ ಈ ಚೆಂಬನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಇದಿನ್ನೂ ಹಸಿ ಐತೆ ಕಣೇ, ಸದ್ದೇ ಇಲ್ಲ," ಎನ್ನುತ್ತ ಮಚ್ಚಿನಲ್ಲಿ ಒಂದು ಕೊಟ್ಟೆನಂತೆ. ಚಿಪ್ಪು ಬಿಡದಿದ್ದಾಗ ಚೆಂಬನ್ನು ಪಕ್ಕಕ್ಕಿಟ್ಟು ಅವಳ ತಲೆಯನ್ನೇ ನೋಡಿದೆನಂತೆ. ಈಗ ಹೇಳುವಾಗ ನಗುತ್ತಾಳೆ. ಅವತ್ತು ಮಚ್ಚು ಕಿತ್ತುಕೊಂಡು, ಅಕ್ಕಪಕ್ಕದವರನ್ನು ಕೂಗಿ, ಆಟೋ ತರಿಸಿದ್ದಳು.

ಆಸ್ಪತ್ರೆಯಲ್ಲಿ ಡ್ರಿಪ್ಪು, ವಿಟಮಿನ್ ಇಂಜೆಕ್ಷನ್ನು, ದಿನದಿನಕ್ಕೆ ಕಡಿಮೆಯಾಗುವ ಮಾತ್ರೆ. ಬಿಡುಗಡೆಯ ದಿನ ಡಾಕ್ಟರಮ್ಮ ಮತ್ತೆ ಹಾಳೆ ಇಟ್ಟರು, ಬೀಳಲಿಲ್ಲ. ಮುಂದೆ ಒಮ್ಮೆ ಜಾರಿ, ಮತ್ತೆ ಕುಡಿದು, ಅವರ ಮುಂದೆ ಹೋಗಿ ಕೂತದ್ದೂ ಉಂಟು. ಅದನ್ನು ಎಮ್ಮೆಯ ಮೇಲೆ ಹಾಕಲಾಗಲಿಲ್ಲ.

"ಈ ನೆಗ್ಗು ಹೆಂಗಾತಣ್ಣ?" ಎಂದ ನಿಂಗರಾಜ, ಚೆಂಬು ಕೆಳಗಿಡುತ್ತ.

ಎಮ್ಮೆ ನಾಲಗೆಯ ತುದಿಗೆ ಬಂದಿತ್ತು. ಅವನ ಒದ್ದೆ ಅಂಗಿ ನೋಡಿ, ಮೊದಲ ಸಲ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವನು ನಗಲಿಲ್ಲ. ಎದೆ ಸೆಟೆಸಿ, "ಹಂಗಾದ್ರೆ ಇವತ್ತಿಂದ್ಲೇ ಬಿಟ್ಟೆ ಕಣಣ್ಣ, ಒಂದೇ ಏಟಿಗೆ!" ಎಂದ.

"ಸುಮ್ನಿರ್ಲಾ! ನಡಿ, ಈಗ್ಲೇ ಆಸ್ಪತ್ರೆಗೆ. ನಾನೂ ಬತ್ತೀನಿ," ಎಂದು ಎದ್ದೆ.

ಒಳಗಿನಿಂದ ಜಯಮ್ಮನ ದನಿ ಬಂತು: "ಹೋಗೋಕ್ ಮುಂಚೆ ಆ ಚೆಂಬು ಒಳಕ್ಕೆ ಕೊಟ್ಬಿಡಿ, ಇನ್ನೊಂದು ನೆಗ್ಗು ಬೇಡ!"